ಹದಿನಾಲ್ಕನೆಯ ನಿಯಮವನ್ನು ಅಳಿಸಿದ ಬಗ್ಗೆ

ಕಡಲಚಾಚು ಪರೀಕ್ಷಾ ನೆಲೆ, ಉತ್ತರ ಕನ್ನಡ ತೀರ
30 ಫೆಬ್ರವರಿ 2157

ಗೌರವಾನ್ವಿತ ಶ್ರೀಮತಿ ವಾರಿಜಾ ಕುಂದರ್ ಅವರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತು ದಿನ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟುಕೊಂಡಿದ್ದೇವೆ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಬರುತ್ತವೆ. ಅವು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು. ಬಂದಲ್ಲೇ ಅರ್ಥ ಹೇಳುತ್ತೇನೆ. ಮೊದಲು ಸಂಗತಿಗಳನ್ನು ಕ್ರಮವಾಗಿ ತಿಳಿಸುವುದು ಒಳ್ಳೆಯದು.

1. 2026ರ ಜೂನ್ ತಿಂಗಳಲ್ಲಿ, ಮೂವತ್ತನಾಲ್ಕು ವರ್ಷದ ಎಂಜಿನಿಯರ್ ಆಗಿದ್ದ ನೀವು, ಮರೆವಿಮಾನಗಳ ಪರೀಕ್ಷೆಗೆ ಮೊದಲ ನಿಯಮಾವಳಿಯನ್ನು ಬರೆದಿರಿ. ಮರೆವಿಮಾನವೆಂದರೆ ನೀವು ಸ್ಟೆಲ್ತ್ ಎನ್ನುವ, ರಾಡಾರಿಗೆ ಕಾಣದ ಯುದ್ಧವಿಮಾನ.

2. ಅದರ ಹದಿನಾಲ್ಕನೆಯ ನಿಯಮ ಹೀಗಿದೆ: "ಪೈಲಟ್‌ನ ಆಸನದ ಕೆಳಗೆ ಮಡಚಿಟ್ಟ ತೆಪ್ಪದಲ್ಲಿ ಒಂದು ಮೊಳ ಉದ್ದದ ಲೋಹದ ಪಟ್ಟಿ ಇರತಕ್ಕದ್ದು. ಇದನ್ನು ತೆಗೆಯಕೂಡದು." ಕಾರಣವನ್ನು ನೀವು ಬರೆದಿಲ್ಲ.

3. 2156ರ ನವೆಂಬರ್ 9ರಂದು ನಾನು ಆ ನಿಯಮವನ್ನು ಅಳಿಸಿದೆ.

4. 2157ರ ಜನವರಿ 12ರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ, ನಲವತ್ತೇಳನೆಯ ಪರೀಕ್ಷಾ ಹಾರಾಟದಲ್ಲಿ ವಿಮಾನದ ಎಂಜಿನ್ ನಿಂತಿತು. ಪೈಲಟ್ ಗಂಗಾಂಬಿಕಾ ಹಾದಿಮನಿ, ವಯಸ್ಸು ಮೂವತ್ತೊಂದು, ಆಸನದ ಸಮೇತ ಹೊರಚಿಮ್ಮಿ ಸಮುದ್ರಕ್ಕಿಳಿದರು.

5. ಜನವರಿ 16ರಂದು ಅವರ ತೆಪ್ಪ ಸಿಕ್ಕಿತು. ಅವರು ಅದರೊಳಗೆ ತೀರಿಹೋಗಿದ್ದರು.

6. ನೀರಿಗೆ ಬಿದ್ದ ಕ್ಷಣದಲ್ಲೇ ಅವರು ಮೃತಪಟ್ಟರೆಂದು ವಿಚಾರಣಾ ಮಂಡಳಿಯ ವರದಿ ಹೇಳುತ್ತದೆ.

7. ಅದು ನಿಜವಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆ ವರದಿಗೆ ಸಹಿ ಹಾಕಬೇಕಾಗಿದೆ.

ನನ್ನ ಹೆಸರು ಇಂದುಶೇಖರ ಕಡಂಬಿ. ವಯಸ್ಸು ಐವತ್ತೆರಡು. ಈ ನೆಲೆಯಲ್ಲಿ ಮರುದನಿ ವಿಭಾಗದ ಮುಖ್ಯಸ್ಥ. ರಾಡಾರ್ ಕಳಿಸಿದ ಅಲೆ ವಿಮಾನಕ್ಕೆ ತಾಗಿ ಹಿಂದಿರುಗಿದರೆ ಅದನ್ನು ನಾವು ಮರುದನಿ ಎನ್ನುತ್ತೇವೆ. ಅದನ್ನು ಕುಗ್ಗಿಸುವುದೇ ನನ್ನ ಇಪ್ಪತ್ತೇಳು ವರ್ಷಗಳ ಕೆಲಸ. ನೂರ ಮೂವತ್ತೊಂದು ವರ್ಷ ಹಿಂದಿನವರಾದ ನಿಮಗೆ ನಾನು ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಹೇಳಬೇಕು. ನಮ್ಮ ನೆಲೆಯಲ್ಲೊಂದು ಪದ್ಧತಿಯಿದೆ. ಯಾರಾದರೂ ಹಳೆಯ ನಿಯಮವೊಂದನ್ನು ಅಳಿಸಿದರೆ, ಅದನ್ನು ಬರೆದವರಿಗೆ ಪತ್ರ ಬರೆದು, ಏಕೆ ಅಳಿಸಿದೆನೆಂದು ತಿಳಿಸಬೇಕು. ಬರೆದವರು ಬದುಕಿರಲಿ, ಸತ್ತಿರಲಿ, ಬರೆಯಲೇಬೇಕು. ಇದಕ್ಕೆ ಅಳಿಸೋಲೆ ಎಂದು ಹೆಸರು. ಓಲೆಯನ್ನು ದಾಖಲೆ ಕೋಣೆಯಲ್ಲಿ ಗಟ್ಟಿಯಾಗಿ ಓದಿ, ಆ ನಿಯಮದ ಮೂಲ ಕಡತದೊಳಗೆ ಇಡುತ್ತಾರೆ. ಇದು ಯಾವಾಗ ಆರಂಭವಾಯಿತೋ ಯಾರಿಗೂ ತಿಳಿಯದು. ಹಿರಿಯರಿಗೆ ತೋರುವ ಮರ್ಯಾದೆ ಎಂದಷ್ಟೇ ನಾವೆಲ್ಲ ಭಾವಿಸಿದ್ದೆವು. ನಿಮಗೆ ಬರೆಯಬೇಕಿದ್ದ ಓಲೆಯನ್ನು ನಾನು ನವೆಂಬರಿನಲ್ಲಿ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ಬದುಕಿನ ರೀತಿ ತಿಳಿಯದೆ ನನ್ನ ತಪ್ಪು ನಿಮಗೆ ಅರ್ಥವಾಗಲಾರದು. ನಿಮ್ಮ ಕಾಲದ ಮರೆವಿಮಾನ ರಾಡಾರಿನ ಪರದೆಯ ಮೇಲೆ ಒಂದು ಗೋಲಿಯಷ್ಟು ಕಾಣುತ್ತಿತ್ತೆಂದು ಓದಿದ್ದೇನೆ. ನಾವು ಕಾಳಿನಲ್ಲಿ ಅಳೆಯುತ್ತೇವೆ. ಒಂದು ಕಾಳೆಂದರೆ ಒಂದು ರಾಗಿಕಾಳಿನ ಮರುದನಿ. ಅಳೆಯುವುದು ಮೌನಮನೆಯಲ್ಲಿ. ಒಳಗೋಡೆಗಳು ಯಾವ ಅಲೆಯನ್ನೂ ಹಿಂದಿರುಗಿಸದ ಆ ದೊಡ್ಡ ಕಟ್ಟಡದ ನಡುವೆ ಒಂದೇ ಕಂಬದ ಮೇಲೆ ವಿಮಾನವನ್ನು ಮಗುಚಿ ಕೂರಿಸಿ, ಡಿಗ್ರಿ ಡಿಗ್ರಿಯಾಗಿ ತಿರುಗಿಸುತ್ತೇವೆ. ಒಂದು ತಿರುಪಿನ ತಲೆ ಕೂದಲೆಳೆಯಷ್ಟು ಮೇಲಿದ್ದರೂ ಪರದೆಯಲ್ಲಿ ಗೊತ್ತಾಗುತ್ತದೆ. ಹಾಗಾಗಿ ಒಳಗೆ ಹೋಗುವವರು ಮೈಮೇಲೆ ಲೋಹ ಇಟ್ಟುಕೊಳ್ಳುವಂತಿಲ್ಲ. ಅಂಗಿಗೆ ತೆಂಗಿನ ಚಿಪ್ಪಿನ ಗುಂಡಿ; ಕೊರಳಿಗೆ ಬೇಕಾದರೆ ಮರದ ಮಣಿ. ಎರಡು ತಲೆಮಾರು ಹೀಗೆ ಬದುಕಿದ ಮೇಲೆ ಇದು ಮನೆಯೊಳಗೂ ಬಂದಿದೆ. ನಮ್ಮ ಅಡುಗೆಮನೆಗಳಲ್ಲಿ ಸ್ಟೀಲ್ ಲೋಟ ಇಲ್ಲ, ಮಣ್ಣಿನದು ಇದೆ. ಮದುವೆಯಲ್ಲಿ ಯಾರೂ ಬಂಗಾರ ಹಾಕುವುದಿಲ್ಲ. ಬೀದಿಯಲ್ಲಿ ಒಂದು ಮೊಳೆ ಬಿದ್ದಿದ್ದರೆ, ಉಳಿದ ಊರಿನವರು ಗಾಜಿನ ಚೂರನ್ನು ಎತ್ತಿ ಬದಿಗಿಡುವಂತೆ, ನಾವು ಅದನ್ನು ಎತ್ತಿ ದೂರ ಇಡುತ್ತೇವೆ. ಲೋಹವೆಂದರೆ ನಮಗೆ ಕೊಳೆ.

ಹೊರಗಿನಿಂದ ಬಂದವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಹಾದಿಮನಿಯವರ ಅಕ್ಕ ನೀಲವ್ವ ಗದಗಿನಲ್ಲಿ ಖಾನಾವಳಿ ನಡೆಸುತ್ತಾರೆ. ತಾಯಿ ಬೇಗ ಹೋದದ್ದರಿಂದ ತಂಗಿಯನ್ನು ಬೆಳೆಸಿದವರು ಅವರೇ. ವರ್ಷಕ್ಕೆರಡು ಸಲ ಬಂದು ನಮ್ಮ ಇಡೀ ವಿಭಾಗಕ್ಕೆ ಊಟ ಬಡಿಸುತ್ತಿದ್ದರು. ಕಳೆದ ದೀಪಾವಳಿಗೆ ಬಂದಾಗ ಕಾವಲಿನವರು ಅವರ ರೊಟ್ಟಿಯ ಸ್ಟೀಲ್ ಡಬ್ಬಿಯನ್ನು ಬಾಗಿಲಲ್ಲೇ ಇಳಿಸಿಕೊಂಡರು. ಅವರು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಬಂದು, ಎಲ್ಲರೆದುರಿಗೆ ನನ್ನನ್ನು ಕೇಳಿದರು: "ಅಲ್ರೀ ಸಾಹೇಬ್ರ, ರೊಟ್ಟಿ ಡಬ್ಬಿಗಿ ಇಷ್ಟು ಹೆದರತೀರಲ್ಲ, ನಾಳೆ ಯುದ್ಧ ಹೆಂಗ ಮಾಡತೀರಿ?" ಅವರ ತಂಗಿ ಊಟದ ಕೋಣೆಯ ಆ ತುದಿಯಿಂದ ಕೂಗಿದರು: "ಅಕ್ಕಾ, ಸುಮ್ನಿರು. ಮೊನ್ನೆ ನನ್ನ ಹಲ್ಲಿನ ಸಿಮೆಂಟ್ ತಗಿಯೂಣೇನು ಅಂತ ನೋಡಾಕತ್ತಿದ್ರು." ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅದರ ಹಿಂದಿನ ವಾರ ಹಲ್ಲಿನ ಮರುದನಿಯ ಬಗ್ಗೆ ನಾನು ನಿಜವಾಗಿ ಒಂದು ಟಿಪ್ಪಣಿ ಬರೆದಿದ್ದೆ.

ವಿಮಾನದಲ್ಲಿ ಮನುಷ್ಯರು ಇನ್ನೂ ಏಕೆ ಕೂರಬೇಕು ಎಂದು ನೀವು ಕೇಳಬಹುದು. ನಿಮ್ಮ ಕಾಲದಲ್ಲಿ ಆಳಿಲ್ಲದ ವಿಮಾನಗಳು ಆಗಲೇ ಬಂದಿದ್ದವು. 2119ರಲ್ಲಿ ದೇಶಗಳೆಲ್ಲ ಸೇರಿ ಕೈ ಒಪ್ಪಂದವೊಂದನ್ನು ಮಾಡಿಕೊಂಡವು: ಕೊಲ್ಲುವ ಯಂತ್ರದೊಳಗೆ ಒಬ್ಬ ಮನುಷ್ಯನ ಕೈ ಇರಲೇಬೇಕು, ಆ ಕೈಗೂ ಅಪಾಯ ಇರಬೇಕು. ಒಪ್ಪಂದ ಸರಿಯೆಂದೇ ನನ್ನ ಅಭಿಪ್ರಾಯ. ಅದರಿಂದಾಗಿ ಆಸನ ಉಳಿಯಿತು, ಆಸನದ ಕೆಳಗಿನ ತೆಪ್ಪ ಉಳಿಯಿತು, ತೆಪ್ಪದಲ್ಲಿ ನಿಮ್ಮ ಪಟ್ಟಿ ಉಳಿಯಿತು.

ಕಳೆದ ಅಕ್ಟೋಬರಿನಲ್ಲಿ ನಮ್ಮ ವಿಮಾನ 2.1 ಕಾಳಿಗೆ ಬಂದು ನಿಂತಿತು. ಗುರಿ ಇದ್ದದ್ದು 2 ಕಾಳಿನೊಳಗೆ. ನಾಲ್ಕು ವಾರ ಮೂವತ್ತು ಜನ ಪ್ರತಿ ಬೆಸುಗೆಯನ್ನೂ ಅಂಗೈಯಿಂದ ಸವರಿ ನೋಡಿದೆವು. ಒಂದು ದಿನ ಅಂಕಿ ಇದ್ದಕ್ಕಿದ್ದಂತೆ 2.4ಕ್ಕೆ ಏರಿತು, ಹುಡುಕಿದಾಗ ಆಸನದ ಹೊಲಿಗೆಯೊಳಗೆ ಯಾರೋ ಮರೆತ ಒಂದು ಸೇಫ್ಟಿ ಪಿನ್ ಸಿಕ್ಕಿತು. ಹೊಸ ಗಾಜಿನ ಮುಚ್ಚಳದ ಮೂಲಕ, ಮುಂದಿನಿಂದ ಹನ್ನೊಂದು ಡಿಗ್ರಿ ಮೇಲಿನ ಕೋನದಲ್ಲಿ, ಆಸನ ರಾಡಾರಿಗೆ ಕಾಣುತ್ತಿತ್ತೆಂದು ಹಾಗೆ ಗೊತ್ತಾಯಿತು. ಪಿನ್ ತೆಗೆದ ಮೇಲೆ ಆಸನದಲ್ಲಿ ಇನ್ನಾವ ಲೋಹ ಉಳಿದಿದೆ ಎಂದು ಪಟ್ಟಿ ಮಾಡಿಸಿದೆ. ಉಳಿದಿದ್ದದ್ದು ನಿಮ್ಮದೊಂದೇ. ಅದನ್ನು ತೆಗೆಸಿ ಅಳೆದೆ. 1.8 ಕಾಳು ಬಂತು. ನಿಯಮಕ್ಕೆ ಕಾರಣ ಬರೆದಿರಲಿಲ್ಲ. ತೆಪ್ಪದಲ್ಲಿ ವಿದ್ಯುತ್ ಕರೆಗಂಟೆ ಇತ್ತು, ನೀರು ತಾಗಿದೊಡನೆ ಅದು ತನ್ನ ಸ್ಥಳವನ್ನು ಸಾರುತ್ತದೆ. ಲೋಹದ ತುಂಡೊಂದು ಅಲ್ಲಿ ಏನು ಮಾಡುತ್ತದೆಂದು ಯಾರಿಗೂ ಹೊಳೆಯಲಿಲ್ಲ. ನಾನು ಸಹಿ ಮಾಡಿ ನಿಯಮವನ್ನು ಅಳಿಸಿದೆ. ಆ ಸಂಜೆ ವಿಭಾಗದವರೆಲ್ಲ ಪಾಯಸ ಕುಡಿದರು.

ದಾಖಲೆ ಕೋಣೆಯ ಜಟ್ಟಪ್ಪ ಹರಿಕಾಂತ ಎರಡು ಸಲ ನನ್ನ ಬಾಗಿಲಿಗೆ ಬಂದ. ಎರಡನೆಯ ಸಲ ಹೇಳಿದ ಮಾತು ನೆನಪಿದೆ: "ಸರ್, ಹದಿನಾಲ್ಕನೇದ್ರ ಓಲೆ ಇನ್ನೂ ಬರ್ಲಿಲ್ಲ ಅಲ್ದಾ? ಸತ್ತವ್ರಿಗೆ ಎಂತ ಅವಸರ ಇಲ್ಲ ಬಿಡಿ. ಆದ್ರೆ ನಂಗೆ ಕಡತ ತೆಗೂಕೆ, ಮುಚ್ಚೂಕೆ ಉಂಟು." ನಾಳೆ ಬರೆಯುತ್ತೇನೆ ಎಂದೆ. ನನಗೆ ಕೆಲಸ ಬಹಳವಿತ್ತು. ನಿಮ್ಮ ಹೆಸರನ್ನು ಅಂದು ನೋಡಿಯೂ ಇರಲಿಲ್ಲ.

ಜನವರಿ ಹನ್ನೆರಡರಂದು ಹಬೆಮುಸುಕು ಇತ್ತು. ನಿಮ್ಮ ಕಾಲದಲ್ಲಿ ಇದು ಇರಲಿಲ್ಲ. ಈಗ ಸಮುದ್ರದ ಮೇಲ್ಮೈ ಮೂವತ್ತನಾಲ್ಕು ಡಿಗ್ರಿ ಬಿಸಿಯಿರುತ್ತದೆ. ಗಾಳಿ ನಿಂತ ದಿನಗಳಲ್ಲಿ ನೀರಿನ ಮೇಲೆ ಬಿಳಿ ಹಬೆ ಕೂತುಬಿಡುತ್ತದೆ, ದೋಣಿಯ ಮೂತಿಯಲ್ಲಿ ನಿಂತವನಿಗೆ ಹಿಂಬದಿಯವನು ಕಾಣುವುದಿಲ್ಲ. ಮೈಶಾಖದಿಂದ ಮನುಷ್ಯರನ್ನು ಗುರುತಿಸುವ ಕ್ಯಾಮೆರಾಗಳೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನೀರಿಗೂ ಮೈಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅಳತೆಯ ಹಾರಾಟವಾದ್ದರಿಂದ ವಿಮಾನ ತನ್ನ ಸ್ಥಳ ಸಾರುವುದನ್ನು ನಿಲ್ಲಿಸಿತ್ತು. ತೀರದ ಹನ್ನೆರಡು ರಾಡಾರುಗಳು ಅದನ್ನು ಹುಡುಕುತ್ತಿದ್ದವು, ಒಂದಕ್ಕೂ ಕಂಡಿರಲಿಲ್ಲ. ನಿಯಂತ್ರಣ ಕೋಣೆಯಲ್ಲಿ ನಾವು ಅದಕ್ಕೇ ಸಂತೋಷಪಡುತ್ತಿದ್ದೆವು. ಎಂಜಿನ್ ನಿಂತಿತೆಂಬ ಹಾದಿಮನಿಯವರ ಒಂದೇ ಸಂದೇಶ ಬಂದಾಗ, ನಮಗೆ ಗೊತ್ತಿದ್ದ ಕೊನೆಯ ಸ್ಥಳ ನಾಲ್ಕು ನಿಮಿಷ ಹಳೆಯದಾಗಿತ್ತು. ಆ ವೇಗಕ್ಕೆ ನಾಲ್ಕು ನಿಮಿಷವೆಂದರೆ ಏಳು ಸಾವಿರ ಚದರ ಕಿಲೋಮೀಟರ್ ಸಮುದ್ರ. ಕರೆಗಂಟೆಯೊಳಗೆ ಉಪ್ಪುನೀರು ಹೊಕ್ಕಿತ್ತೆಂದು ಆಮೇಲೆ ತಿಳಿಯಿತು. ಅದು ಒಮ್ಮೆಯೂ ಕೂಗಲಿಲ್ಲ. ನಾಲ್ಕು ಹೆಲಿಕಾಪ್ಟರುಗಳು, ಆರು ದೋಣಿಗಳು ರಾಡಾರ್ ಹಿಡಿದು ಹಗಲಿರುಳು ಸುತ್ತಿದವು. ರಾಡಾರಿಗೆ ಕಾಣುವಂಥದ್ದು ಅವರ ಬಳಿ ಏನೂ ಇರಲಿಲ್ಲ. ತೆಪ್ಪ ರಬ್ಬರಿನದು, ಗುಂಡಿಗಳು ಚಿಪ್ಪಿನವು. ಹದಿನಾರರಂದು ಹಬೆ ಕರಗಿದ ಮೇಲಷ್ಟೇ ತೆಪ್ಪ ಕಣ್ಣಿಗೆ ಬಿತ್ತು.

ಪರೀಕ್ಷಾ ಪೈಲಟ್‌ಗಳ ತೊಡೆಗೆ ಒಂದು ಬಿಳಿ ಹಲಗೆ ಕಟ್ಟಿರುತ್ತದೆ. ಏನೇ ನಡೆದರೂ ವೇಳೆಯ ಸಮೇತ ಅದರ ಮೇಲೆ ಬರೆಯುವುದು ಅವರ ಅಭ್ಯಾಸ. ಹಾದಿಮನಿಯವರು ಇಪ್ಪತ್ತಾರು ಸಾಲು ಬರೆದಿದ್ದಾರೆ. ಮೊದಲನೆಯದು ಎಂಜಿನ್ ನಿಂತ ಎತ್ತರ ಮತ್ತು ಕೋನ. ಎರಡನೆಯದು, "7:52. ತೆಪ್ಪದೊಳಗ ಇದೀನಿ. ಎಡಗಾಲು ಮುರದೈತಿ." ಕೊನೆಯದಕ್ಕೂ ಎಂಜಿನ್ ನಿಂತದ್ದಕ್ಕೂ ನಡುವೆ ನಲವತ್ತೊಂದು ಗಂಟೆ. ಹೆಲಿಕಾಪ್ಟರಿನ ಸದ್ದು ತಲೆಯ ಮೇಲೇ ಹಾದುಹೋದದ್ದನ್ನು ಅವರು ಒಂಬತ್ತು ಸಲ ವೇಳೆ ಸಮೇತ ಗುರುತಿಸಿದ್ದಾರೆ. ಮೊದಲ ದಿನದ ನಾಲ್ಕೂವರೆಗೆ ಹೀಗಿದೆ: "ಕಡಂಬಿ ಸಾಹೇಬ್ರ, ಕೆಲಸ ಭಾಳ ಛಲೋ ಆಗೇತಿ. ನಮ್ಮವರಿಗೂ ಸಿಗವಲ್ಲೆ." ಅದರಲ್ಲಿ ಕಹಿ ಇತ್ತೇ ಎಂದು ನಾನು ಬಹಳ ಹೊತ್ತು ನೋಡಿದೆ. ಇರಲಿಲ್ಲ. ಎರಡನೆಯ ದಿನ ಅಕ್ಷರಗಳು ದೊಡ್ಡವಾಗುತ್ತವೆ, ಸಾಲು ಕೆಳಕ್ಕೆ ವಾಲುತ್ತದೆ. ಇಪ್ಪತ್ತೊಂದನೆಯ ಸಾಲು: "ಅಕ್ಕಗ ಹೇಳ್ರಿ. ಆಕಿ ಕಟ್ಟಿ ಕೊಟ್ಟ ಶೇಂಗಾ ಉಂಡಿ ತಿಂದೆ. ಹೆದರಿಕಿ ಇಲ್ಲ." ಒಳಗೆ ರಕ್ತ ಸೋರಿತ್ತು, ಮೇಲೆ ಸೆಕೆ, ಮೊದಲ ಹಗಲು ಮುಗಿಯುವುದರೊಳಗೆ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ವೈದ್ಯರು ಹೇಳಿದರು.

ಜನವರಿ ಹದಿನೇಳರಂದು ಜಟ್ಟಪ್ಪ ಕರೆಯದೆಯೇ ಬಂದು ನಿಮ್ಮ ಕಡತವನ್ನು ನನ್ನ ಮೇಜಿನ ಮೇಲಿಟ್ಟು ಹೋದ. ನಿಯಮದ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ನೀವು ಬರೆದುಕೊಂಡದ್ದು ಇನ್ನೂ ಓದಲು ಬರುತ್ತದೆ: "ಮಾವನ ದೋಣಿಯ ಕೋಲಿಗೆ ಎಣ್ಣೆ ಡಬ್ಬದ ತಗಡನ್ನು ಮಡಚಿ ಕಟ್ಟುತ್ತಿದ್ದರು. ಮಂಜಿನಲ್ಲಿ ದೊಡ್ಡ ಹಡಗಿನ ರಾಡಾರಿಗೆ ಮರದ ದೋಣಿ ಕಾಣುವುದಿಲ್ಲ, ತಗಡು ಕಾಣುತ್ತದೆ. ನಮ್ಮ ಪೈಲಟ್ ನೀರಿಗೆ ಬಿದ್ದರೆ ಅವನೂ ಮರದ ದೋಣಿಯೇ. ಇದನ್ನು ಕಾರಣವೆಂದು ಬರೆದರೆ ಮೇಲಿನವರು ನಗುತ್ತಾರೆ. ಬಿಟ್ಟಿದ್ದೇನೆ." ಓಲೆ ಬರೆದಿದ್ದರೆ ಅದನ್ನು ಒಳಗಿಡಲು ಜಟ್ಟಪ್ಪ ಈ ಕಡತವನ್ನು ನವೆಂಬರಿನಲ್ಲೇ ತೆರೆಯುತ್ತಿದ್ದ. ಮೀನುಗಾರರ ಮನೆಯವನು, ಓದಿದೊಡನೆ ಓಡಿ ಬರುತ್ತಿದ್ದ. ಈ ಪದ್ಧತಿ ಇರುವುದು ಮರ್ಯಾದೆಗಲ್ಲ, ಕಡತ ತೆರೆಯಿಸುವುದಕ್ಕೆ ಎಂದು ನನಗೆ ತಿಳಿದದ್ದು ಆಗ.

ಆದರೂ ಲೆಕ್ಕ ಖಚಿತವಾಗಬೇಕಿತ್ತು. ಉಗ್ರಾಣದಿಂದ ಹಳೆಯ ಪಟ್ಟಿಯನ್ನು ತರಿಸಿ, ಅಂಥದೇ ತೆಪ್ಪಕ್ಕೆ ಕಟ್ಟಿಸಿ, ಅಂಥದೇ ಹಬೆಯ ಬೆಳಿಗ್ಗೆ ಸಮುದ್ರದಲ್ಲಿ ಬಿಡಿಸಿದೆ. ಅವತ್ತು ಹುಡುಕಿದ ಹೆಲಿಕಾಪ್ಟರಿನಲ್ಲೇ ನಾನು ಪರದೆಯ ಮುಂದೆ ಕುಳಿತೆ. ನಾಲ್ಕು ಕಿಲೋಮೀಟರ್ ದೂರದಿಂದಲೇ ಚುಕ್ಕೆ ಕಂಡಿತು. ಅವರು ಬರೆದಿಟ್ಟ ವೇಳೆಗಳೊಂದಿಗೆ ಹೆಲಿಕಾಪ್ಟರುಗಳ ದಾರಿಯನ್ನು ಹೊಂದಿಸಿ ನೋಡಿದೆ. ಪಟ್ಟಿ ಇದ್ದಿದ್ದರೆ, ಮೊದಲ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವರು ಸಿಗುತ್ತಿದ್ದರು.

ನಮ್ಮ ನಿರ್ದೇಶಕರು ಪದ್ಮರಾಜ ಇಂದ್ರ. ಒಳ್ಳೆಯ ಮನುಷ್ಯ, ಸುಳ್ಳಿನಿಂದ ತಮಗೇನೂ ಲಾಭ ಮಾಡಿಕೊಳ್ಳುವವರಲ್ಲ. ಹಲಗೆಯ ಮೇಲೆ ವಿಮಾನದ ಎತ್ತರ, ಕೋನಗಳಿರುವುದರಿಂದ ಅದನ್ನು ಅರವತ್ತು ವರ್ಷ ಮೊಹರು ಮಾಡಿಡಲು ಮಂಡಳಿ ತೀರ್ಮಾನಿಸಿದೆ. ಹಲಗೆಯನ್ನು ಮುಚ್ಚಿಟ್ಟ ಮೇಲೆ ಆ ನಲವತ್ತೊಂದು ಗಂಟೆಗಳನ್ನೂ ಮುಚ್ಚಬೇಕಾಗುತ್ತದೆ. ನಿನ್ನೆ ಅವರು ನನ್ನ ಕೋಣೆಗೆ ಬಂದು ಕೂತು ಹೇಳಿದರು: "ಕಡಂಬಿಯವರೇ, ಆ ಅಕ್ಕನ ಮುಖ ನೆನಪು ಮಾಡ್ಕೊಳ್ಳಿ. ಥಟ್ಟನೆ ಹೋದಳು ಅಂದ್ರೆ ಒಂದಲ್ಲ ಒಂದು ದಿನ ನಿದ್ದೆ ಬರುತ್ತೆ. ನಲವತ್ತೊಂದು ಗಂಟೆ ಅಂದ್ರೆ ಬರುತ್ತಾ? ಹೇಳಿದ ಮೇಲೆ ನೀವು ಹಗುರ ಆಗ್ತೀರಿ, ಭಾರ ಅವರ ತಲೆ ಮೇಲೆ." ಅವರು ಹೇಳುವ ಮೊದಲೇ, ಇದು ನಿಜವಿರಬಹುದು ಎಂಬ ಭಯದಿಂದಲೇ ಈ ಆರು ವಾರ ಕಳೆದಿದ್ದೇನೆ. ಗುಟ್ಟಿನ ಕಾಯ್ದೆಯನ್ನು ಮೀರಿದರೆ ಏಳು ವರ್ಷ ಸೆರೆಮನೆ. ಅದರ ಭಯವೂ ಇದೆ, ಆದರೆ ಅದು ಚಿಕ್ಕದು.

ನೀಲವ್ವ ದೇಹವನ್ನು ಒಯ್ಯಲು ಬಂದಿದ್ದರು. ಅಳಲಿಲ್ಲ. ಬಾಗಿಲ ಬಳಿ ನನ್ನನ್ನು ಬದಿಗೆ ಕರೆದು ಕೇಳಿದರು: "ಸಾಹೇಬ್ರ, ನೀವು ಲೆಕ್ಕದ ಮನಷ್ಯಾ, ಸುಳ್ಳು ಹೇಳಂಗಿಲ್ಲ ಅಂತ ನಮ್ಮ ಅಂಬಿ ಹೇಳತಿದ್ಲು. ನೀರಿಗಿ ಬಿದ್ದಮ್ಯಾಲೆ ಜೀವ ಇತ್ತೇನ್ರಿ ಆಕಿಗೆ? ಏನರ ಅಂದ್ಲೇನು?" ವರದಿ ಬರಲಿ ಎಂದೆ. ಅವರು "ಆತು ಬಿಡ್ರಿ, ನಾ ಕಾಯ್ತೀನಿ" ಎಂದು ಗಾಡಿ ಹತ್ತಿದರು. ನಿರ್ದೇಶಕರ ಮಾತನ್ನು ತೂಗಿ ನೋಡುವಾಗಲೆಲ್ಲ ನನಗೆ ಅಡ್ಡ ಬರುವುದು ಇದೊಂದೇ: ಅವರು ಕೇಳಿದ್ದಾರೆ. ಇಪ್ಪತ್ತೊಂದನೆಯ ಸಾಲು ಅವರಿಗೆ ಬರೆದದ್ದು. ಆ ಸಾಲನ್ನು ತಲುಪಿಸಬೇಕಾದರೆ ಅದರ ಹಿಂದಿನ ಸಾಲುಗಳನ್ನು ಬಚ್ಚಿಡಲು ಆಗುವುದಿಲ್ಲ.

ಶ್ರೀಮತಿ ಕುಂದರ್ ಅವರೇ, ಈ ಪತ್ರ ನಿಮ್ಮನ್ನು ತಲುಪುವುದಿಲ್ಲವೆಂದು ನನಗೆ ಗೊತ್ತು. ಆದರೂ ಪದ್ಧತಿಯಂತೆ ಒಂದು ಕೋರಿಕೆ ಇಡುತ್ತೇನೆ. ನೀವು ಇದೀಗ ಆ ನಿಯಮವನ್ನು ಬರೆಯುತ್ತಿದ್ದರೆ, ಮಾವನ ದೋಣಿಯ ತಗಡಿನ ಮಾತನ್ನು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಬೇಡಿ; ನಿಯಮದ ಕೆಳಗೇ, ಶಾಯಿಯಿಂದ ಬರೆಯಿರಿ. ನಗುವವರು ನಗಲಿ. ನನ್ನಂಥವನು ಓದುವುದು ಹಾಳೆಯ ಮುಂಬದಿಯನ್ನು ಮಾತ್ರ. ನಿಮ್ಮದು ತಪ್ಪೆಂದು ಹೇಳುತ್ತಿಲ್ಲ. ತೆಗೆಯಕೂಡದು ಎಂದು ನೀವು ಬರೆದಿದ್ದಿರಿ, ಅಷ್ಟು ಸಾಕಾಗಬೇಕಿತ್ತು.

ಹದಿನಾಲ್ಕನೆಯ ನಿಯಮವನ್ನು ಇಂದು ಮಧ್ಯಾಹ್ನ ನನ್ನ ಸಹಿಯೊಂದಿಗೆ ಮತ್ತೆ ಸೇರಿಸಿದ್ದೇನೆ, ಕಾರಣದ ಸಮೇತ. ವಿಮಾನ ಮತ್ತೆ 2.1 ಕಾಳು. ಈ ಓಲೆಯನ್ನು ಜಟ್ಟಪ್ಪನ ಮುಂದೆ ಓದಿ, ಅವನ ಕೈಗೆ ಕೊಡುತ್ತೇನೆ. ಹಲಗೆಯನ್ನು ಮೊಹರು ಮಾಡಿದ್ದಾರೆ, ಆದರೆ ಲೆಕ್ಕ ಹಾಕುವಾಗ ಎಷ್ಟೋ ಸಲ ಓದಿದ್ದರಿಂದ ಅದರ ಸಾಲುಗಳು ನನಗೆ ಬಾಯಿಪಾಠವಾಗಿವೆ. ಮೊದಲನೆಯ ಸಾಲಿನ ಎತ್ತರ, ಕೋನಗಳನ್ನು ಯಾರಿಗೂ ಹೇಳುವುದಿಲ್ಲ. ಅವು ದೇಶಕ್ಕೆ ಸೇರಿದವು. ಉಳಿದ ಇಪ್ಪತ್ತೈದು ಸಾಲು ದೇಶಕ್ಕೆ ಸೇರಿದ್ದಲ್ಲ.

ನಾನು ವರದಿಗೆ ಸಹಿ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಆರೂವರೆಯ ಗಾಡಿಯಲ್ಲಿ ಗದಗಿಗೆ ಹೋಗುತ್ತೇನೆ. ನೀಲವ್ವ ಹಾದಿಮನಿಯವರಿಗೆ, ಅವರ ತಂಗಿ ನಲವತ್ತೊಂದು ಗಂಟೆ ಬದುಕಿದ್ದರೆಂದು, ಪಟ್ಟಿಯನ್ನು ತೆಗೆಸಿದವನು ನಾನೆಂದು ಹೇಳಿ, ಆ ಇಪ್ಪತ್ತೈದು ಸಾಲುಗಳನ್ನು ಕ್ರಮವಾಗಿ ತಿಳಿಸುತ್ತೇನೆ.

ಇಂದುಶೇಖರ ಕಡಂಬಿ